ಬೀದಿಯ ಹೊಂಗೆಯೂ ಬಂಕಿನ ಎಥೆನಾಲೂ

ಯುಗಾದಿಯ ಆಸುಪಾಸಿನ ದಿನಗಳಲ್ಲಿ, ಬೆಂಗಳೂರಿನ ರಾಜಾಜಿನಗರದ ಬ್ಲಾಕುಗಳಲ್ಲಾಗಲಿ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಾಗಲಿ, ವಿಜಯನಗರದ ಹಳೆಯ ಬೀದಿಗಳಲ್ಲಾಗಲಿ ಮುಂಜಾನೆ ನಡೆದಾಡುವವರ ಕಾಲಡಿಯಲ್ಲಿ ಎರಡು ವಸ್ತುಗಳು ಏಕಕಾಲಕ್ಕೆ ಗೋಚರಿಸುವುದುಂಟು: ಆಗತಾನೆ ಉದುರಿದ, ನಸುನೇರಿಳೆಯ ಛಾಯೆಯುಳ್ಳ ಹೊಂಗೆಯ ಹೂವು ಒಂದು, ಹಿಂದಿನ ವರ್ಷದ ಹೂವು ಕಾಯಾಗಿ, ಬಲಿತು, ಒಣಗಿ ಬಿದ್ದ ಹೊಂಗೆಯ ಕಾಯಿ ಮತ್ತೊಂದು. ಹೂವನ್ನು ಮೆಚ್ಚುವವರು ಅನೇಕರು. ಕಾಯಿಯ ಕಡೆಗೆ ಕಣ್ಣು ಹಾಯಿಸುವವರು ಬಹಳ ವಿರಳ. ಪೌರಕಾರ್ಮಿಕರ ಪೊರಕೆಗೆ ಸಿಕ್ಕಿ, ತರಗೆಲೆಯೊಡನೆ ರಾಶಿಯಾಗಿ, ಅದು ಕಸದ ಗಾಡಿಯನ್ನು ಸೇರುತ್ತದೆ. ಕೆಲವೆಡೆ ಬೀದಿಯ ಮೂಲೆಯಲ್ಲಿಯೇ ಹೊಗೆಯಾಗಿ ಹೋಗುತ್ತದೆ. ಆ ಕಾಯಿಯೊಳಗಿನ ಬೀಜದಲ್ಲಿ ನೂರಕ್ಕೆ ಮೂವತ್ತು ಭಾಗದ ಸಮೀಪ ಎಣ್ಣೆಯಿದೆಯೆಂಬುದೂ, ಆ ಎಣ್ಣೆಯಿಂದ ಡೀಸೆಲ್ ಎಂಜಿನ್ನು ಸುಗಮವಾಗಿ ನಡೆಯಬಲ್ಲುದೆಂಬುದೂ, ಅದನ್ನು ನಡೆಸಿ ತೋರಿಸಿದ ವಿದ್ವಾಂಸರು ರಾಜಾಜಿನಗರಕ್ಕೆ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಇದ್ದರೆಂಬುದೂ ಈ ಬೀದಿಗಳ ನಿವಾಸಿಗಳಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಅದೇ ಬೀದಿಯು ಮುಖ್ಯರಸ್ತೆಯನ್ನು ಕೂಡುವೆಡೆಯಲ್ಲಿ ಒಂದು ಪೆಟ್ರೋಲ್ ಬಂಕು ಇರುತ್ತದೆ. ಅಲ್ಲಿ ದೊರೆಯುವ ಪೆಟ್ರೋಲಿನ ಐದನೆಯ ಒಂದು ಭಾಗವು ಇಂದು ಎಥೆನಾಲ್, ಎಂದರೆ ಕಬ್ಬಿನಿಂದಲೋ ಮೆಕ್ಕೆಜೋಳದಿಂದಲೋ ಅಕ್ಕಿಯಿಂದಲೋ ಬಟ್ಟಿಯಿಳಿಸಿದ ಮದ್ಯಸಾರ. ಈ 20 ಪ್ರತಿಶತ ಮಿಶ್ರಣದ ಮಾರಾಟಕ್ಕೆ ಪ್ರಧಾನಮಂತ್ರಿಗಳು ಚಾಲನೆ ನೀಡಿದ್ದು ನಮ್ಮ ನಗರದ ಪಶ್ಚಿಮದ ಅಂಚಿನಲ್ಲಿಯೇ, ತುಮಕೂರು ರಸ್ತೆಯ ಮಾದಾವರದಲ್ಲಿ, 2023ರ ಫೆಬ್ರವರಿ 6ರಂದು. ಹೀಗೆ ಬೀದಿಯಲ್ಲಿ ಬಿದ್ದ ಜೈವಿಕ ಇಂಧನವು ಕಸವಾಗಿ ಹೋಗುತ್ತಿರಲು, ನೂರಾರು ಮೈಲಿ ದೂರದ ಹೊಲಗಳಲ್ಲಿ ನೀರೆರೆದು ಬೆಳೆಸಿದ ಜೈವಿಕ ಇಂಧನವು ನಮ್ಮ ವಾಹನಗಳ ಹೊಟ್ಟೆಯನ್ನು ಸೇರುತ್ತಿದೆ. ಇವೆರಡರಲ್ಲಿ ಒಂದು ಗೆದ್ದುದೇಕೆ, ಇನ್ನೊಂದು ಸೊರಗಿದುದೇಕೆ, ಗೆದ್ದುದರ ಬೆಲೆಯನ್ನು ತೆರುತ್ತಿರುವವರು ಯಾರು ಎಂಬುದನ್ನು ವಿಚಾರಿಸುವುದು ಅವಶ್ಯ.

ಸಸ್ಯದ ಎಣ್ಣೆಯಿಂದ ಎಂಜಿನ್ನು ನಡೆಸುವ ಯೋಚನೆ ಎಂಜಿನ್ನಿನಷ್ಟೇ ಹಳೆಯದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿಯ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ಎಂಜಿನ್ನಿನ ಜನಕನಾದ ರುಡಾಲ್ಫ್ ಡೀಸೆಲ್ ಆ ಪ್ರಯೋಗವನ್ನು ಮುಂದೆ ತಾನೇ ಸ್ಮರಿಸಿ, ಸಸ್ಯತೈಲಗಳಿಗೂ ಒಂದು ಕಾಲ ಬರಬಹುದೆಂದು ಅಭಿಪ್ರಾಯಪಟ್ಟಿದ್ದನು. ನಮ್ಮ ನಾಡಿನಲ್ಲಿ ಹೊಂಗೆಯೆಣ್ಣೆಯ ಉಪಯೋಗಕ್ಕೆ ಯಂತ್ರದ ಅವಶ್ಯಕತೆಯೇ ಇರಲಿಲ್ಲ. ಸೀಮೆಎಣ್ಣೆಯು ಹಳ್ಳಿಹಳ್ಳಿಗೂ ಬರುವ ಮೊದಲು ಬಯಲುಸೀಮೆಯ ಬಡವರ ಮನೆಯ ಹಣತೆಗಳಲ್ಲಿ ಉರಿಯುತ್ತಿದ್ದುದು ಈ ಎಣ್ಣೆಯೇ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯು ತೆಂಗು ಅಡಕೆಗಳ ಬುಡಕ್ಕೆ ಉತ್ತಮವಾದ ಗೊಬ್ಬರ, ಬೇರಿನ ಹುಳುವಿಗೆ ವೈರಿ. ಎಣ್ಣೆಯು ಕಹಿಯಾದುದರಿಂದ ಮನುಷ್ಯರ ಊಟಕ್ಕೆ ಬಾರದು. ಈ ದೋಷವೇ ಇಂಧನದ ವಿಚಾರದಲ್ಲಿ ಮಹಾಗುಣವಾಗುತ್ತದೆ, ಏತಕ್ಕೆಂದರೆ ಎಂಜಿನ್ನಿಗೂ ಅಡುಗೆಮನೆಗೂ ಇಲ್ಲಿ ಸ್ಪರ್ಧೆಯಿಲ್ಲ. ದ್ವಿದಳ ಧಾನ್ಯಗಳ ಕುಲಕ್ಕೆ ಸೇರಿದ ಈ ಮರವು ತನ್ನ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ನೆಲವನ್ನು ಫಲವತ್ತಾಗಿಸುತ್ತದೆ. ಒಮ್ಮೆ ನೆಲೆಯೂರಿದ ಬಳಿಕ ಯಾರ ನೀರನ್ನೂ ಬೇಡುವುದಿಲ್ಲ.

ಈ ಮರೆತ ವಿದ್ಯೆಯನ್ನು ವಿಜ್ಞಾನದ ಬೆಳಕಿಗೆ ತಂದ ಕೀರ್ತಿಯಲ್ಲಿ ದೊಡ್ಡ ಪಾಲು ವಿಜ್ಞಾನ ಸಂಸ್ಥೆಯಲ್ಲಿ ಯಂತ್ರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರಿಗೆ ಸಲ್ಲತಕ್ಕದ್ದು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಅವರು ‘ಸೂತ್ರ’ ಎಂಬ ಯೋಜನೆಯನ್ನು ಕೈಗೊಂಡು, ಕಗ್ಗನಹಳ್ಳಿಯಂಥ ಒಣ ಊರುಗಳಲ್ಲಿ ಹೊಂಗೆಯೆಣ್ಣೆಯಿಂದ ಜನರೇಟರುಗಳನ್ನು ನಡೆಸಿ, ಆ ವಿದ್ಯುತ್ತಿನಿಂದ ಕೊಳವೆಬಾವಿಗಳ ನೀರನ್ನು ಮೇಲೆತ್ತಿಸಿದರು. ಊರಿನ ಸುತ್ತಮುತ್ತಣ ಬೀಜ, ಊರಿನದೇ ಗಾಣ, ಊರಿನ ಹೊಲಕ್ಕೇ ನೀರು. ಎಣ್ಣೆಯನ್ನು ರಾಸಾಯನಿಕವಾಗಿ ಪರಿವರ್ತಿಸುವ ಗೋಜಿಗೇ ಹೋಗದೆ, ಸೋಸಿದ ಎಣ್ಣೆಯನ್ನೇ ನೇರವಾಗಿ ಎಂಜಿನ್ನಿಗೆ ಹಾಕಿದ್ದು ಆ ಪ್ರಯೋಗದ ವಿಶೇಷ.

ಇದು ಏಕಾಏಕಿ ಹುಟ್ಟಿದ ಸಾಹಸವೂ ಅಲ್ಲ. ಅದೇ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು ಗ್ರಾಮಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿಯೇ ‘ಅಸ್ತ್ರ’ ಎಂಬ ವಿಭಾಗವನ್ನು ಸ್ಥಾಪಿಸಿದ್ದರು. ವಿಜಯನಗರ ಬಸವೇಶ್ವರನಗರಗಳನ್ನು ಹಾದು ಪಶ್ಚಿಮಕ್ಕೆ ಹೊರಡುವ ಮಾಗಡಿ ರಸ್ತೆಯನ್ನೇ ಹಿಡಿದು ಹೋದರೆ ಮುಂದೆ ಸಿಗುವ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಗ್ರಾಮವುಂಟು. ಅಲ್ಲಿ 1987ರಿಂದ ಊರಿನ ದನಗಳ ಸಗಣಿಯಿಂದಲೇ ಅನಿಲವನ್ನುಂಟುಮಾಡಿ, ಎಂಜಿನ್ನು ನಡೆಸಿ, ಮನೆಗಳಿಗೆ ದೀಪವನ್ನೂ ಕೊಳಾಯಿಗೆ ನೀರನ್ನೂ ಒದಗಿಸಲಾಯಿತು. ಸಗಣಿ ತಂದುಕೊಟ್ಟ ಮನೆಯವರಿಗೆ ಗೊಬ್ಬರವು ಹಿಂತಿರುಗಿ ದೊರೆಯುತ್ತಿತ್ತು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಮರುವರ್ಷ ಸೌದೆಯಿಂದ ಅನಿಲ ತೆಗೆದು ವಿದ್ಯುತ್ತನ್ನು ಉತ್ಪಾದಿಸುವ ಘಟಕವು ಆರಂಭವಾಯಿತು. ಇಂಧನವು ಹುಟ್ಟಿದ ಊರಿನಲ್ಲಿಯೇ ಬಳಕೆಯಾಗಬೇಕು, ಅದರ ಲಾಭವು ಅದನ್ನು ಹೊತ್ತು ತಂದವರಿಗೇ ಸೇರಬೇಕು ಎಂಬ ತತ್ತ್ವವನ್ನು ಈ ಪ್ರಯೋಗಗಳು ಪ್ರತಿಪಾದಿಸಿದುವು. ಜೈವಿಕ ಇಂಧನವನ್ನು ಕುರಿತು ಈವರೆಗೆ ನಡೆದಿರುವ ಸಂಶೋಧನೆಯಲ್ಲಿ ಇದಕ್ಕಿಂತ ಮೌಲಿಕವಾದ ವಿಚಾರವನ್ನು ನಾನು ಕಂಡಿಲ್ಲ.

ನಿಂತಲ್ಲೇ ಓಡುವ ಜನರೇಟರಿಗೆ ಹಸಿ ಎಣ್ಣೆಯು ಒಗ್ಗಿದರೂ ಬಸ್ಸು ಲಾರಿಗಳ ಎಂಜಿನ್ನಿಗೆ ಅದು ಒಗ್ಗುವುದು ಕಷ್ಟ. ಸಸ್ಯತೈಲವು ಡೀಸೆಲ್ಲಿಗಿಂತ ಸುಮಾರು ಹತ್ತು ಪಾಲು ಮಂದವಾದುದು. ಸೂಕ್ಷ್ಮವಾದ ನಳಿಕೆಗಳಲ್ಲಿ ಅದು ಸರಿಯಾಗಿ ಸಿಂಪಡಿಸಲ್ಪಡದೆ ಮಸಿಗಟ್ಟುತ್ತದೆ. ಎಣ್ಣೆಯ ಅಣುವೆಂದರೆ ಒಂದೇ ನೊಗಕ್ಕೆ ಕಟ್ಟಿದ ಮೂರು ಎತ್ತುಗಳಿದ್ದಂತೆ: ಗ್ಲಿಸರಿನ್ ಎಂಬ ನೊಗ, ಮೂರು ಮೇದಾಮ್ಲಗಳೆಂಬ ಎತ್ತು. ಮೆಥನಾಲನ್ನು ಕೊಂಚ ಕ್ಷಾರದೊಡನೆ ಸೇರಿಸಿ ಎಣ್ಣೆಯನ್ನು ಹದವಾಗಿ ಕಾಯಿಸಿದರೆ ನೊಗವು ಕಳಚಿ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಬಿಡುಗಡೆಯಾದ ಮೇದಾಮ್ಲಗಳು ಮೆಥನಾಲಿನೊಡನೆ ಕೂಡಿ ತೆಳುವಾದ ಜೈವಿಕ ಡೀಸೆಲ್ಲಾಗಿ ಮೇಲೆ ನಿಲ್ಲುತ್ತವೆ. ತಳಕ್ಕಿಳಿದ ಗ್ಲಿಸರಿನ್ ಸಾಬೂನಿನ ತಯಾರಿಕೆಗೆ ಬರುತ್ತದೆ. ಹಳೆಯ ಬೀಜದ ಎಣ್ಣೆಯಲ್ಲಿ ಬಿಡಿ ಆಮ್ಲವು ಹೆಚ್ಚಿದ್ದರೆ ಮಾತ್ರ ಕ್ಷಾರದೊಡನೆ ಅದು ತಾನೇ ಸಾಬೂನಾಗಿ ಕೆಲಸ ಕೆಡಿಸುವುದರಿಂದ, ಮೊದಲು ಆಮ್ಲಸಂಸ್ಕಾರ ಮಾಡಿಕೊಳ್ಳಬೇಕು. ಈ ಇಂಧನದಲ್ಲಿ ಗಂಧಕವು ಇಲ್ಲವೆನ್ನುವಷ್ಟು ಅತ್ಯಲ್ಪ. ಹೊಗೆಯ ಕಣಗಳೂ ಇಂಗಾಲದ ಮಾನಾಕ್ಸೈಡೂ ತಗ್ಗುತ್ತವೆ. ಸಾರಜನಕದ ಆಕ್ಸೈಡುಗಳು ಮಾತ್ರ ಕಿಂಚಿತ್ತು ಏರುವುದುಂಟು.

ವಿದ್ಯೆಯು ಸಿದ್ಧವಾದ ಮೇಲೆ ಸರ್ಕಾರವೂ ಕೈಜೋಡಿಸಿತು. ಹಾಸನದ ಸಮೀಪ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವು 2007ರಲ್ಲಿ ಆರಂಭವಾಗಿ, ಪ್ರಾಧ್ಯಾಪಕ ಬಾಲಕೃಷ್ಣ ಗೌಡರ ಮುಂದಾಳ್ತನದಲ್ಲಿ ಊರೂರಿನಲ್ಲಿ ಬೆಳೆಗಾರರ ಸಂಘಗಳನ್ನು ಕಟ್ಟಿತು. ಹೊಂಗೆ, ಬೇವು, ಹಿಪ್ಪೆ, ಸೀಮರೂಬ, ಕಾಡುಹರಳು ಇವೆಲ್ಲವನ್ನೂ ಬೆಳೆಭೂಮಿಗೆ ಕೈಹಾಕದೆ ಬದು ಬೇಲಿ ಹಿತ್ತಿಲುಗಳಲ್ಲಿ ಬೆರೆಸಿ ನೆಡುವುದು ಅಲ್ಲಿಯ ಪದ್ಧತಿ. ಒಂದರ ಬೀಜ ಮುಗಿಯುವಾಗ ಇನ್ನೊಂದರದು ಬರುವುದರಿಂದ ಗಾಣವು ವರ್ಷದಲ್ಲಿ ಬಹುಕಾಲ ನಿಲ್ಲದು. 2009ರಲ್ಲಿ ರಾಜ್ಯವು ತನ್ನದೇ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಮರುವರ್ಷ ಅದಕ್ಕಾಗಿಯೇ ಒಂದು ಅಭಿವೃದ್ಧಿ ಮಂಡಳಿಯು ರಚಿತವಾಯಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರುಗಳಲ್ಲಿ ಸಸಿಗಳು ಲೆಕ್ಕವಿಲ್ಲದಷ್ಟು ವಿತರಣೆಯಾದುವು. ಸರ್ಕಾರಿ ಬಸ್ಸುಗಳಲ್ಲಿ ಜೈವಿಕ ಡೀಸೆಲ್ಲಿನ ಮಿಶ್ರಣವನ್ನು ಬಳಸಿ ನೋಡಿದ್ದೂ ಆಯಿತು.

ಇಷ್ಟಾದರೂ ದೇಶದಲ್ಲಿ ಡೀಸೆಲ್ಲಿಗೆ ಬೆರೆಯುವ ಜೈವಿಕ ಡೀಸೆಲ್ಲಿನ ಪ್ರಮಾಣವು ನೂರಕ್ಕೆ ಒಂದನ್ನೂ ಮುಟ್ಟಿಲ್ಲ. ಕಾರಣವನ್ನು ರಸಾಯನಶಾಸ್ತ್ರದಲ್ಲಿ ಹುಡುಕುವುದು ವ್ಯರ್ಥ. ಅದು ಇರುವುದು ಬೆಲೆಯಲ್ಲಿ. 2006ರ ಜನವರಿಯಿಂದ ಜಾರಿಗೆ ಬಂದ ಕೇಂದ್ರದ ಖರೀದಿ ನೀತಿಯು ಜೈವಿಕ ಡೀಸೆಲ್ಲಿಗೆ ಲೀಟರಿಗೆ 25 ರೂಪಾಯಿಯನ್ನು ಗೊತ್ತುಮಾಡಿತು. ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಬೀಜ ಬೇಕು. ಬಿಸಿಲಿನಲ್ಲಿ ಬಗ್ಗಿ ಕಾಯಿಯನ್ನು ಆಯ್ದು, ಹೊತ್ತು ತಂದು, ಒಣಗಿಸಿ, ಬಡಿದು ಬೀಜ ಬಿಡಿಸಿದ ಹೆಂಗಸಿಗೆ ಕಿಲೋಗೆ ಐದೇ ರೂಪಾಯಿ ಕೊಟ್ಟರೂ ಇಪ್ಪತ್ತು ರೂಪಾಯಿ ಅಲ್ಲಿಯೇ ಮುಗಿಯುತ್ತದೆ; ಉಳಿದ ಐದರಲ್ಲಿ ಗಾಣ, ಮೆಥನಾಲ್, ಸಾಗಣೆ, ಲಾಭ ಎಲ್ಲವೂ ನಡೆಯಬೇಕು. ನಡೆಯಲಿಲ್ಲ. ಇದರ ಜೊತೆಗೆ, 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಕಾಡುಹರಳಿನ ಮೇಲೆ ಇಟ್ಟ ವಿಪರೀತವಾದ ಭರವಸೆಯೂ ಹುಸಿಯಾಯಿತು. ಪಾಳುಭೂಮಿಯಲ್ಲಿ ನೀರಿಲ್ಲದೆ ಬೆಳೆಯುವುದೆಂದು ಹೊಗಳಲ್ಪಟ್ಟ ಆ ಗಿಡವು ಬೆಳೆದದ್ದು ನಿಜ, ಫಲ ಕೊಡಲಿಲ್ಲ. ಹೊಂಗೆಯದೂ ಒಂದು ಕೊರತೆಯುಂಟು: ಬೀಜದಿಂದೆದ್ದ ಸಸಿಗಳಲ್ಲಿ ಒಂದು ಮರ ಹೇರಳವಾಗಿ ಕಾಯುತ್ತದೆ, ಪಕ್ಕದ್ದು ಬಹುಮಟ್ಟಿಗೆ ಬರಿದಾಗಿ ನಿಲ್ಲುತ್ತದೆ. ಉತ್ತಮ ಮರಗಳಿಂದ ಕಸಿ ಕಟ್ಟುವುದು ಇದಕ್ಕೆ ಪರಿಹಾರ. ಆದರೆ ಹಂಚಿಕೆಯ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸಿದ ಕಾಲದಲ್ಲಿ ಕಸಿಗೆ ಸಲ್ಲಬೇಕಾದ ತಾಳ್ಮೆ ಸಲ್ಲಲಿಲ್ಲವೆಂದು ನನ್ನ ಭಾವನೆ.

ಎಥೆನಾಲಿನ ಭಾಗ್ಯವು ಬೇರೆ. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದಕ್ಕಾಗಿ 1948ರಲ್ಲಿಯೇ ಒಂದು ಕಾನೂನು ಬಂದಿದ್ದರೂ, 2014ರ ವೇಳೆಗೆ ಮಿಶ್ರಣದ ಪ್ರಮಾಣವು ನೂರಕ್ಕೆ ಒಂದೂವರೆಯಷ್ಟೇ ಇತ್ತು. ಅಲ್ಲಿಂದ ಮುಂದೆ ಸರ್ಕಾರವು ಬೆಲೆಯನ್ನು ಗೊತ್ತುಪಡಿಸಿತು, ಬಟ್ಟಿಮನೆಗಳಿಗೆ ಬಡ್ಡಿಯ ನೆರವನ್ನಿತ್ತಿತು, ತೈಲ ಕಂಪನಿಗಳು ಕೊಳ್ಳಲೇಬೇಕೆಂದು ವಿಧಿಸಿತು. 2022ರ ಜೂನ್ ಹೊತ್ತಿಗೆ ಹತ್ತು, 2025ರಲ್ಲಿ ಇಪ್ಪತ್ತು. 2030ಕ್ಕೆಂದು ಇಟ್ಟ ಗುರಿಯು ಐದು ವರ್ಷ ಮೊದಲೇ ಕೈಸೇರಿತು. ಕಾರ್ಖಾನೆಯ ಅಂಗಳಕ್ಕೆ ಕಬ್ಬು ತಾನಾಗಿ ಬರುತ್ತದೆ. ಬೀದಿಬೀದಿ ಅಲೆದು ಆಯುವ ಕೆಲಸವಿಲ್ಲ. ಸಂಘಟಿತ ಉದ್ಯಮವೊಂದರ ಬೆನ್ನಿಗೆ ಸರ್ಕಾರ ನಿಂತರೆ ಏನಾಗಬಹುದೆಂಬುದಕ್ಕೆ ಇದು ನಿದರ್ಶನ.

ಇದರ ಪ್ರಯೋಜನಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಹೊರದೇಶದ ಕಚ್ಚಾತೈಲಕ್ಕೆ ತೆರುವ ಹಣವು ಉಳಿಯುತ್ತದೆ. ಎಥೆನಾಲಿನಲ್ಲಿ ಆಮ್ಲಜನಕವು ಅಡಕವಾಗಿರುವುದರಿಂದ ದಹನವು ಪೂರ್ಣವಾಗುತ್ತದೆ. 20 ಪ್ರತಿಶತ ಮಿಶ್ರಣದಿಂದ ದ್ವಿಚಕ್ರ ವಾಹನಗಳ ಇಂಗಾಲದ ಮಾನಾಕ್ಸೈಡು ಅರ್ಧದಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯು ಹೇಳುತ್ತದೆ. ನವರಂಗ್ ವೃತ್ತದಲ್ಲಾಗಲಿ ನಾಯಂಡಹಳ್ಳಿಯ ಕೂಡುರಸ್ತೆಯಲ್ಲಾಗಲಿ ಸಂಜೆಯ ಹೊತ್ತು ಸಿಕ್ಕಿಕೊಂಡ ಶ್ವಾಸಕೋಶಗಳಿಗೆ ಇದು ಅಲ್ಪ ವಿಷಯವಲ್ಲ. ಪ್ರತಿಯಾಗಿ, ಲೀಟರಿಗೆ ಲೀಟರು ಹೋಲಿಸಿದಾಗ ಎಥೆನಾಲಿನ ಶಕ್ತಿಯು ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜು ನೂರಕ್ಕೆ ಆರೇಳರಷ್ಟೂ, ದ್ವಿಚಕ್ರಗಳಲ್ಲಿ ಮೂರು ನಾಲ್ಕರಷ್ಟೂ ಇಳಿಯುವುದೆಂದು ಅದೇ ವರದಿಯ ಅಂದಾಜು. ಗಾಡಿ ಮೊದಲಿನಂತೆ ಎಳೆಯುವುದಿಲ್ಲವೆಂಬ ಸವಾರರ ದೂರು ನಿರಾಧಾರವಲ್ಲ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಮೈಲೇಜಿನದಲ್ಲ, ನೀರಿನದು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗವೇ ಲೆಕ್ಕ ಹಾಕಿದೆ. ಐದು ಲೀಟರ್ ಪೆಟ್ರೋಲ್ ಹಿಡಿಯುವ ಸ್ಕೂಟರಿನ ಟ್ಯಾಂಕಿನಲ್ಲಿ ಒಂದು ಲೀಟರ್ ಎಥೆನಾಲ್ ಇರುತ್ತದೆ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಎಂಬ ಅಂಗೀಕೃತ ಪ್ರಮಾಣವನ್ನು ಹಿಡಿದರೆ, ಆ ಒಂದು ಲೀಟರಿನ ಹಿಂದಿರುವ ನೀರು ಐದು ಮಂದಿಯ ಸಂಸಾರಕ್ಕೆ ನಾಲ್ಕು ದಿನಗಳನ್ನು ಮೀರಿ ಸಾಕಾಗುವುದು. ಎಥೆನಾಲು ಕಾಕಂಬಿಯಿಂದ ಬಂದದ್ದಾದರೆ ಆ ನೀರಿನ ಬಹುಪಾಲನ್ನು ಸಕ್ಕರೆಯ ಲೆಕ್ಕಕ್ಕೆ ಬರೆಯಬೇಕಾದುದು ನ್ಯಾಯ. ಕಬ್ಬಿನ ಹಾಲನ್ನೇ ನೇರವಾಗಿ ಹುದುಗು ಹಾಕಿದಾಗ ಆ ವಿನಾಯಿತಿಯಿಲ್ಲ. ಮಂಡ್ಯದ ಕಬ್ಬು ಕುಡಿಯುವುದೂ, ತೊರೆಕಾಡನಹಳ್ಳಿಯಿಂದ ಮೇಲೆತ್ತಲ್ಪಟ್ಟು ವಿಜಯನಗರ ಕೆಂಗೇರಿಗಳ ನಲ್ಲಿಯಲ್ಲಿ ಬರುವುದೂ ಒಂದೇ ಕಾವೇರಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು, ಕಬ್ಬು ಬಾಡಿತು, ಸಕ್ಕರೆಗೆ ಕೊರತೆಯಾದೀತೆಂದು ಕೇಂದ್ರವು ಆ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನ ಎಥೆನಾಲಿಗೆ ತಡೆಯೊಡ್ಡಿ, ಬಳಿಕ ಮಿತಿಯೊಳಗೆ ಸಡಿಲಿಸಿತು. ಮುಂದಿನ ಬೇಸಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿನ ಹಾದಿ ಕಾದರು.

ಕಬ್ಬಿನ ಬದಲು ಮೆಕ್ಕೆಜೋಳವೆಂದರೆ ನೀರಿನ ಹೊರೆ ತಗ್ಗುತ್ತದೆ, ಆದರೆ ಕೋಳಿಯ ಮೇವಿನೊಡನೆ ಸ್ಪರ್ಧೆ ಹುಟ್ಟುತ್ತದೆ. ಮೆಕ್ಕೆಜೋಳವನ್ನು ರಫ್ತು ಮಾಡುತ್ತಿದ್ದ ದೇಶವು 2024ರಲ್ಲಿ ಆಮದಿಗೆ ಇಳಿಯಿತು. ಹೊಲವು ಇಂಧನಕ್ಕೆ ತಿರುಗಿದಾಗ ಆಹಾರಕ್ಕಾಗಿ ಬೇರೆಲ್ಲೋ ಕಾಡು ಕಡಿಯಲ್ಪಟ್ಟು, ಉಳಿಸಿದ ಇಂಗಾಲಕ್ಕಿಂತ ಬಿಡುಗಡೆಯಾದ ಇಂಗಾಲವೇ ಬಹುವರ್ಷ ಹೆಚ್ಚಾಗಿರಬಹುದೆಂದು 2008ರಲ್ಲಿ ‘ಸೈನ್ಸ್’ ಪತ್ರಿಕೆಯ ಎರಡು ಪ್ರಬಂಧಗಳು ಎಚ್ಚರಿಸಿದ್ದುವು. ಇನ್ನು ರೈತನ ಲಾಭದ ಮಾತು. ಎಥೆನಾಲಿನಿಂದ ಕಾರ್ಖಾನೆಗಳ ಕೈಯಲ್ಲಿ ಹಣ ಓಡಾಡಿ ಕಬ್ಬಿನ ಬಾಕಿಯು ಬೇಗ ತೀರುವುದೆಂಬ ವಾದದಲ್ಲಿ ಸತ್ಯವಿದೆ. ಹಾಗಿದ್ದರೂ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕುಳಿತರು. 3,300ಕ್ಕೆ ಸರ್ಕಾರವು ತೀರ್ಮಾನ ಮಾಡಿತು. ಬಂಕಿನ ನಳಿಕೆಗೂ ಗದ್ದೆಯ ಬದುವಿಗೂ ನಡುವೆ ಹಣವು ಎಲ್ಲೆಲ್ಲಿ ನಿಲ್ಲುತ್ತದೆಂಬ ವಿಚಾರವು ಅರ್ಥಶಾಸ್ತ್ರಜ್ಞರ ಗಮನಕ್ಕೆ ಇನ್ನೂ ಹೆಚ್ಚಾಗಿ ಬರಬೇಕಾಗಿದೆ.

ನೀರನ್ನೂ ಕೇಳದ, ನೆಲವನ್ನೂ ಕೇಳದ ಇಂಧನವೊಂದು ಪಶ್ಚಿಮ ಬೆಂಗಳೂರಿನಲ್ಲಿಯೇ ದಿನವೂ ಹುಟ್ಟುತ್ತಿದೆ. ಅದು ಕರಿದು ಉಳಿದ ಎಣ್ಣೆ. ಬಜ್ಜಿ ಬೋಂಡಗಳ ಗಾಡಿ, ದರ್ಶಿನಿ, ಚಕ್ಕುಲಿ ಕೋಡುಬಳೆಯ ಕಾಂಡಿಮೆಂಟ್ಸ್ ಅಂಗಡಿ, ಕಲ್ಯಾಣಮಂಟಪ ಇವುಗಳಿಗೆ ಈ ಬಡಾವಣೆಗಳಲ್ಲಿ ಬರವಿಲ್ಲ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಅದನ್ನು ಅಡುಗೆಗೆ ಬಳಸಕೂಡದೆಂದು 2018ರ ಜುಲೈಯಿಂದ ನಿಯಮವಿದೆ. ಅದೇ ವರ್ಷದ ಆಗಸ್ಟ್ 10ರಂದು, ವಿಶ್ವ ಜೈವಿಕ ಇಂಧನ ದಿನದಂದು, ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡಿಸುವ ‘ರೂಕೋ’ ಯೋಜನೆಯನ್ನು ಆರಂಭಿಸಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕವಿಡಬೇಕು. ಆದರೆ ಸಣ್ಣ ಗಾಡಿಗಳು ಆ ಲೆಕ್ಕದ ಹೊರಗೆ ಉಳಿದುವು. ದೊಡ್ಡ ಅಡುಗೆಮನೆಯಲ್ಲಿ ಕರಿದು ಕಪ್ಪಾದ ಎಣ್ಣೆಯು ಅಗ್ಗದ ಬೆಲೆಗೆ ಚಿಕ್ಕ ಬಾಣಲೆಗೆ ಇಳಿಯುವುದುಂಟು. ಅಲ್ಲಿಂದಲೂ ಮಿಕ್ಕಿದ್ದು ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ವೃಷಭಾವತಿಗೆ. ಆ ನದಿಯು ನಾಯಂಡಹಳ್ಳಿ ಕೆಂಗೇರಿಗಳನ್ನು ಹಾದು ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಸೇರಿ, ಅಲ್ಲಿಯ ರೈತರ ಹೊಲಗಳಿಗೆ ಹರಿಯುತ್ತದೆ. ಅದೇ ಎಣ್ಣೆಯನ್ನು ಹಿಡಿದಿಟ್ಟರೆ ನೂರು ಲೀಟರಿಗೆ ತೊಂಬತ್ತರ ಆಸುಪಾಸು ಜೈವಿಕ ಡೀಸೆಲ್ ದೊರೆಯುತ್ತದೆ. ಬಡವನ ಹೃದಯ, ನದಿಯ ನೀರು, ಬಸ್ಸಿನ ಹೊಗೆ ಮೂರಕ್ಕೂ ಏಕಕಾಲದಲ್ಲಿ ಉಪಕಾರವಾಗುವ ಇಂಥ ಕೆಲಸಗಳು ಲೋಕದಲ್ಲಿ ಬಹಳವಿಲ್ಲ.

ಹೊಂಗೆಯಿಂದಾಗಲಿ ಕರಿದೆಣ್ಣೆಯಿಂದಾಗಲಿ ಇಡೀ ನಗರದ ವಾಹನಗಳು ಓಡುವುವೆಂದು ಭ್ರಮಿಸಬೇಕಾದುದಿಲ್ಲ. ಮರವೊಂದಕ್ಕೆ ಇಪ್ಪತ್ತು ಕಿಲೋ ಬೀಜವೆಂದು ಹಿಡಿದರೆ ದೊರೆಯುವ ಎಣ್ಣೆ ಐದು ಲೀಟರಿಗೆ ಕೊಂಚ ಮಿಕ್ಕು. ಸಾವಿರ ಮರಗಳಿಗೆ ಐದು ಸಾವಿರ ಲೀಟರ್. ನಗರದ ಡೀಸೆಲ್ ಬಳಕೆಯ ಮುಂದೆ ಇದು ಅತ್ಯಲ್ಪ. ಆದರೆ ಒಂದು ಪಾಲಿಕೆಯ ಕಸದ ಗಾಡಿಗಳಿಗೆ, ಉದ್ಯಾನದ ಪಂಪುಗಳಿಗೆ, ಆಸ್ಪತ್ರೆಯೊಂದರ ಜನರೇಟರಿಗೆ ಇದು ಅಲ್ಪವಲ್ಲ. ಹಿಂಡಿಯು ಉದ್ಯಾನಗಳ ಗಿಡಗಳಿಗೆ ಗೊಬ್ಬರವಾಗುತ್ತದೆ. ಆಯ್ದವರಿಗೆ ಕೂಲಿ ಸಿಗುತ್ತದೆ. ದೊಡ್ಡ ಪ್ರಮಾಣದಲ್ಲಿ ಆಗುವುದೊಂದೇ ಇಂಧನವೆಂದು ಎಣಿಸಿದುದರಿಂದಲೇ ನಾವು ಕೈಯಲ್ಲಿದ್ದುದನ್ನು ಚೆಲ್ಲಿದೆವು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ವಿಭಾಗವಾಗಿ, ಈ ಭಾಗಕ್ಕೆ ಪಶ್ಚಿಮ ನಗರ ಪಾಲಿಕೆ ಎಂಬುದು ಬಂದಿದೆ. ಅದರ ಅಧಿಕಾರಿಗಳಲ್ಲಿ ನನ್ನ ಬಿನ್ನಹವಿಷ್ಟು: ತಮ್ಮ ಬೀದಿಗಳ ಹೊಂಗೆಯ ಮರಗಳನ್ನು ಎಣಿಸಿರಿ, ಕಾಯಿ ಉದುರುವ ತಿಂಗಳುಗಳಲ್ಲಿ ಅದನ್ನು ಕಸದಿಂದ ಬೇರ್ಪಡಿಸಿ ಆಯಿಸಿರಿ, ಆಯ್ದ ಪೌರಕಾರ್ಮಿಕರಿಗೆ ಕಿಲೋ ಲೆಕ್ಕದಲ್ಲಿ, ಸಂಬಳದ ಹೊರಗೆ, ಆ ದಿನವೇ ಹಣ ಕೊಡಿಸಿರಿ, ವಾರ್ಡಿಗೊಂದರಂತೆ ಕರಿದೆಣ್ಣೆಯ ಪೀಪಾಯಿಯನ್ನಿರಿಸಿ, ಬಜ್ಜಿಯ ಗಾಡಿಯವನಿಗೂ ಅದರ ಬೆಲೆ ದೊರೆಯುವಂತೆ ಮಾಡಿರಿ. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಾಗಿಲ್ಲ.